ಕಫದ ಡಬ್ಬಿಯ ದಾರಿ: ಸಾರ್ವಜನಿಕ ಆರೋಗ್ಯ ಲ್ಯಾಬ್ ವ್ಯವಸ್ಥೆ ಕುರಿತ ಟಿಪ್ಪಣಿ

ಈ ಪಾಠ ಮೊದಲ ಸಲ ಓದಿದಾಗ ನಾನು ಮಷಿನ್‌ಗಳ ಪಟ್ಟಿ ಬರೆದುಕೊಂಡಿದ್ದೆ. ಪಿಸಿಆರ್, ಅನಲೈಜರ್, ಸೇಫ್ಟಿ ಕ್ಯಾಬಿನೆಟ್, ಹೀಗೆ. ಬಡ ದೇಶದ ಲ್ಯಾಬ್ ಸುಧಾರಿಸಬೇಕು ಅಂದರೆ ಇವೆಲ್ಲ ಕೊಂಡುಕೊಟ್ಟರೆ ಆಯಿತು, ಅಲ್ವಾ? ಎರಡನೇ ಓದಿನಲ್ಲಿ ಆ ಪಟ್ಟಿ ಹೊಡೆದುಹಾಕಿ ಒಂದು ಗೆರೆ ಎಳೆದೆ. ಹಳ್ಳಿಯ ಆರೋಗ್ಯ ಕೇಂದ್ರದಿಂದ ಒಂದು ಕಫದ ಡಬ್ಬಿ ಹೊರಡುತ್ತದೆ, ರಿಪೋರ್ಟ್ ಆಗಿ ಅದೇ ಕೇಂದ್ರಕ್ಕೆ ವಾಪಸ್ ಬರುತ್ತದೆ. ಈ ದಾರಿ ಎಲ್ಲೆಲ್ಲಿ ತುಂಡಾಗುತ್ತದೆ ಅಂತ ನೋಡುತ್ತಾ ಹೋದರೆ ಪಾಠದ ಮುಕ್ಕಾಲು ಭಾಗ ಮುಗಿದ ಹಾಗೆ.

ಮೊದಲು ಒಂದು ವ್ಯತ್ಯಾಸ. ಆಸ್ಪತ್ರೆ ಲ್ಯಾಬ್ ಕೇಳುವ ಪ್ರಶ್ನೆ ‘ಈ ರೋಗಿಗೆ ಕ್ಷಯ ಇದೆಯಾ’ ಅಂತ. ಸಾರ್ವಜನಿಕ ಆರೋಗ್ಯ ಲ್ಯಾಬ್ ಅದರ ಜೊತೆಗೆ ಇನ್ನೂ ಎರಡು ಕೇಳುತ್ತದೆ: ಈ ತಿಂಗಳು ಈ ಭಾಗದಲ್ಲಿ ಎಷ್ಟು ಜನಕ್ಕೆ ಬಂತು, ಔಷಧಿಗೆ ಬಗ್ಗದ ಕ್ಷಯ ಹೆಚ್ಚುತ್ತಿದೆಯಾ? ಹಾಗಾಗಿ ರಿಪೋರ್ಟ್ ಎರಡು ಕಡೆ ಹೋಗಬೇಕು, ವೈದ್ಯರಿಗೂ, ರೋಗ ಕಣ್ಗಾವಲು ಘಟಕಕ್ಕೂ. ಬಹಳ ಕಡೆ ಎರಡನೆಯದು ಹೋಗುವುದೇ ಇಲ್ಲ.

ಲ್ಯಾಬ್‌ಗಳನ್ನು ಸಾಮಾನ್ಯವಾಗಿ ನಾಲ್ಕು ಹಂತವಾಗಿ ಜೋಡಿಸುತ್ತಾರೆ: ಪ್ರಾಥಮಿಕ ಕೇಂದ್ರ, ಜಿಲ್ಲೆ, ಪ್ರಾಂತ್ಯ, ಮೇಲೆ ರಾಷ್ಟ್ರೀಯ ರೆಫರೆನ್ಸ್ ಲ್ಯಾಬ್ (ಕೆಳಗಿನವರು ಕಷ್ಟದ ಸ್ಯಾಂಪಲ್ ಕಳಿಸುವ ಲ್ಯಾಬ್). ಪರೀಕ್ಷೆಯಲ್ಲಿ ಇಲ್ಲಿ 2008ರ ಜನವರಿಯಲ್ಲಿ ಮೊಜಾಂಬಿಕ್‌ನ ಮಾಪುಟೊದಲ್ಲಿ ಹೊರಬಂದ ಮಾಪುಟೊ ಘೋಷಣೆಯನ್ನು ಬರೆಯಿರಿ. ಅದು ಕೇಳಿದ್ದು ಸರಳ: ಪ್ರತಿ ದೇಶವೂ ಎಲ್ಲ ರೋಗಗಳಿಗೂ ಸೇರಿ ಒಂದೇ ಲ್ಯಾಬ್ ಯೋಜನೆ ಮಾಡಲಿ. ಯಾಕೆ ಕೇಳಬೇಕಾಯಿತು? ಎಚ್‌ಐವಿಗೆ ಬಂದ ಹಣದಲ್ಲಿ ಒಂದು ಲ್ಯಾಬ್, ಕ್ಷಯಕ್ಕೆ ಇನ್ನೊಂದು, ಮಲೇರಿಯಕ್ಕೆ ಮತ್ತೊಂದು ಬೆಳೆದಿದ್ದವು. ಹೀಗಿದ್ದಾಗ ಒಂದೇ ಸೂರಿನಡಿ ಒಂದು ಫ್ರಿಜ್‌ನಲ್ಲಿ ಕಿಟ್‌ಗಳ ಅವಧಿ ಮುಗಿಯುತ್ತಿರುತ್ತದೆ, ಪಕ್ಕದ ಫ್ರಿಜ್ ಖಾಲಿ ಇರುತ್ತದೆ.

ಈಗ ಡಬ್ಬಿಯ ಜೊತೆ ಹೊರಡೋಣ. ಲ್ಯಾಬ್ ತಪ್ಪುಗಳಲ್ಲಿ ಜಾಸ್ತಿ ಪಾಲು ನಡೆಯುವುದು ಸ್ಯಾಂಪಲ್ ಮಷಿನ್ ಮುಟ್ಟುವ ಮೊದಲೇ. ಕಫದ ಬದಲು ಬರೀ ಎಂಜಲು, ಮುಚ್ಚಳದ ಮೇಲೆ ಬರೆದ ಹೆಸರು (ಮುಚ್ಚಳ ಬದಲಾದರೆ ರೋಗಿಯೂ ಬದಲಾದ!), ಬಿಸಿಲಲ್ಲಿ ಕಾದ ಪೆಟ್ಟಿಗೆ. ರಕ್ತದ್ದು ಇನ್ನೂ ಸೂಕ್ಷ್ಮ. ಸಾಮಾನ್ಯ ಟ್ಯೂಬಿನಲ್ಲಿ ರಕ್ತವನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. 100 ಇದ್ದದ್ದು ಮೂರು ಗಂಟೆಯಲ್ಲಿ 80-85ಕ್ಕೆ ಇಳಿದಿರುತ್ತದೆ. ಅನಲೈಜರ್ 82 ಅಂತ ತೋರಿಸುತ್ತದೆ. ಅದು ಟ್ಯೂಬಿನ ಮಟ್ಟಿಗೆ ಸರಿ, ರೋಗಿಯ ಮಟ್ಟಿಗೆ ಸುಳ್ಳು.

ಸಾಗಾಣಿಕೆಗೆ ಉಗಾಂಡ ಒಳ್ಳೆಯ ಉದಾಹರಣೆ. ಅಲ್ಲಿ ಕೆಲವು ಲ್ಯಾಬ್‌ಗಳನ್ನು ಹಬ್ ಮಾಡಿದರು. ಬೈಕ್ ಸವಾರರು ಗೊತ್ತುಮಾಡಿದ ದಿನ ಸುತ್ತಲಿನ ಕೇಂದ್ರಗಳಿಗೆ ಹೋಗಿ ಸ್ಯಾಂಪಲ್ ತರುತ್ತಾರೆ, ಹೋಗುವಾಗ ಹಿಂದಿನ ರಿಪೋರ್ಟ್ ಕೊಟ್ಟುಬರುತ್ತಾರೆ. ಪ್ರತಿ ಕೇಂದ್ರಕ್ಕೂ ಮಷಿನ್ ಕೊಡುವುದಕ್ಕಿಂತ ಇದು ಜಾಣತನ ಅಂತ ನನಗನ್ನಿಸುತ್ತದೆ.

ಮಷಿನ್ ವಿಷಯಕ್ಕೆ ಜೀನ್‌ಎಕ್ಸ್‌ಪರ್ಟ್ ಎಂಬ ಪಿಸಿಆರ್ ಮಷಿನ್ (ರೋಗಾಣುವಿನ ಡಿಎನ್‌ಎ ಹುಡುಕುವಂಥದ್ದು) ಒಂದೇ ಉದಾಹರಣೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2010ರ ಡಿಸೆಂಬರ್‌ನಲ್ಲಿ ಕ್ಷಯ ಪತ್ತೆಗೆ ಒಪ್ಪಿತು. ಎರಡು ಗಂಟೆಯೊಳಗೆ ಕ್ಷಯ ಇದೆಯಾ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಅಂತ ಹೇಳುತ್ತದೆ. ಆದರೆ ಕರೆಂಟ್ ನಿಲ್ಲಬಾರದು, ಕಾರ್ಟ್ರಿಜ್‌ಗಳನ್ನು 2ರಿಂದ 28 ಡಿಗ್ರಿಯೊಳಗೆ ಇಡಬೇಕು, ಕಾರ್ಟ್ರಿಜ್ ಕೂರುವ ಮಾಡ್ಯೂಲ್‌ಗಳಿಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅಂತ ನೋಡಿ ಹೊಂದಿಸುವುದು) ಬೇಕು. ದಾನವಾಗಿ ಮಷಿನ್ ಬರುತ್ತದೆ, ರಿಪೇರಿಯ ಹಣ ಬರುವುದಿಲ್ಲ.

ನಾನು ಅತಿ ಹೆಚ್ಚು ಹೊತ್ತು ಕೂತಿದ್ದು ಲೆವಿ-ಜೆನ್ನಿಂಗ್ಸ್ ಚಾರ್ಟ್ ಮುಂದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಅಳತೆ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ದಿನಾ ಬೆಳಗ್ಗೆ ಓಡಿಸಿ ಚುಕ್ಕಿ ಇಡುವುದು, ಅಷ್ಟೇ. ಗ್ಲೂಕೋಸ್ ಕಂಟ್ರೋಲ್‌ನ ಸರಾಸರಿ 100, ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯ ಆಚೀಚೆ ಅಳತೆ ಸಾಮಾನ್ಯವಾಗಿ ಎಷ್ಟು ಹರಡುತ್ತದೆ ಎಂಬುದು) 3 ಅಂದುಕೊಳ್ಳಿ. ಇವತ್ತು 107 ಬಂತು. ಎರಡು ಎಸ್‌ಡಿ ಅಂದರೆ 106, ಅದನ್ನು ದಾಟಿದೆ. ಗಾಬರಿ ಬೇಡ, ಎಲ್ಲ ಸರಿಯಿದ್ದರೂ ಸುಮಾರು 20ರಲ್ಲಿ ಒಂದು ಚುಕ್ಕಿ ಸುಮ್ನೆ ಹೀಗೆ ಹೊರಗೆ ಬೀಳುತ್ತದೆ. ಇದು ಎಚ್ಚರಿಕೆ. ನಾಳೆಯೂ 107 ಬಂದರೆ? ಯಾವಾಗ ನಿಲ್ಲಿಸಬೇಕು ಅಂತ ಹೇಳುವ ವೆಸ್ಟ್‌ಗಾರ್ಡ್ ನಿಯಮದ ಪ್ರಕಾರ ಇದು ಒಂದೇ ಕಡೆಗೆ ಸತತ ಎರಡು ಚುಕ್ಕಿ ಎರಡು ಎಸ್‌ಡಿ ದಾಟಿದ ಹಾಗೆ, ಹಾಗಾಗಿ ಆ ದಿನದ ರಿಪೋರ್ಟ್ ಕೊಡಬಾರದು, ಕಾರಣ ಹುಡುಕಬೇಕು. ಮೂರು ಎಸ್‌ಡಿ, ಅಂದರೆ 109 ದಾಟಿದರೆ ಒಂದೇ ಸಲಕ್ಕೆ ನಿಲ್ಲಿಸಬೇಕು. ಚುಕ್ಕಿಗಳು ಎಲ್ಲ ಒಳಗೇ ಇದ್ದು ದಿನದಿನಕ್ಕೂ ಮೇಲೇರುತ್ತಿದ್ದರೆ ಅನಲೈಜರ್‌ನ ಲ್ಯಾಂಪ್ ಸವೆಯುತ್ತಿರಬಹುದು, ರಿಯೇಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಕೆಡುತ್ತಿರಬಹುದು.

ಇಲ್ಲಿ ಒಂದು ಹಳೆಯ ಕಳ್ಳಾಟ ಇದೆ: ಕಂಟ್ರೋಲ್ ಒಳಗೆ ಬೀಳುವ ತನಕ ಮತ್ತೆ ಮತ್ತೆ ಓಡಿಸಿ, ಒಳಗೆ ಬಿದ್ದದ್ದನ್ನು ಮಾತ್ರ ಬರೆಯುವುದು. ಚಾರ್ಟ್ ಅಂದವಾಗಿ ಕಾಣುತ್ತದೆ. ಒಂದೂ ಚುಕ್ಕಿ ಹೊರಗೆ ಬೀಳದ ಚಾರ್ಟ್ ನೋಡಿದರೆ ನನಗಂತೂ ಅನುಮಾನವೇ. ಹೊರಗಿನವರು ಸ್ಯಾಂಪಲ್ ಕಳಿಸಿ ಲ್ಯಾಬನ್ನು ಪರೀಕ್ಷಿಸುವ ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲೂ ಇದೇ ಕಥೆ. ಉತ್ತರ ಗೊತ್ತಿರದ ಸ್ಯಾಂಪಲ್ ಬಂದಾಗ ಅದನ್ನು ಅತ್ಯಂತ ಅನುಭವಿ ಟೆಕ್ನಿಷಿಯನ್ ಕೈಗೇ ಕೊಟ್ಟರೆ ಅಳೆದದ್ದು ಲ್ಯಾಬನ್ನಲ್ಲ, ಅವರೊಬ್ಬರನ್ನು.

ಮಾನ್ಯತೆ ಬಗ್ಗೆ ಚುಟುಕಾಗಿ. ಐಎಸ್‌ಒ 15189 ವೈದ್ಯಕೀಯ ಲ್ಯಾಬ್‌ಗಳ ಅಂತಾರಾಷ್ಟ್ರೀಯ ಮಾನದಂಡ, ಅಲ್ಲಿ ಸಿಕ್ಕಿತು ಅಥವಾ ಸಿಗಲಿಲ್ಲ, ನಡುವೆ ಏನೂ ಇಲ್ಲ. ಸೊನ್ನೆಯಿಂದ ಶುರುಮಾಡುವ ಲ್ಯಾಬ್‌ಗೆ ಅದು ತೀರಾ ಎತ್ತರ. ಅದಕ್ಕೇ ಆಫ್ರಿಕಾದಲ್ಲಿ ಸ್ಲಿಪ್ಟಾ ಎಂಬ ನಕ್ಷತ್ರದ ಏಣಿ ಬಂತು. ಚೆಕ್‌ಲಿಸ್ಟ್‌ನಲ್ಲಿ ಶೇಕಡಾ 55 ಬಂದರೆ ಒಂದು ನಕ್ಷತ್ರ, 95 ಮುಟ್ಟಿದರೆ ಐದು. ಇದರ ಜೊತೆಗಿನ ತರಬೇತಿ ಸ್ಲಿಮ್ಟಾ 2009ರಲ್ಲಿ ರುವಾಂಡದ ಕಿಗಾಲಿಯಲ್ಲಿ ಶುರುವಾಯಿತು. ಎರಡು ಹೆಸರು ಅದಲುಬದಲು ಮಾಡಬೇಡಿ: ಮೊದಲನೆಯದು ಅಳತೆ, ಎರಡನೆಯದು ತರಬೇತಿ.

ಡಬ್ಬಿ ಇನ್ನೂ ಮನೆಗೆ ಬಂದಿಲ್ಲ. ಸೋಮವಾರ ಕಫ ತೆಗೆದರು. ಗುರುವಾರ ಲ್ಯಾಬ್ ಮುಟ್ಟಿತು, ಅವತ್ತೇ ಪರೀಕ್ಷೆ ಆಯಿತು. ಶುಕ್ರವಾರ ರಿಪೋರ್ಟ್ ಅಚ್ಚಾಯಿತು. ಮುಂದಿನ ಮಂಗಳವಾರ ಕೇಂದ್ರಕ್ಕೆ ಬಂತು. ಲ್ಯಾಬ್ ರಿಜಿಸ್ಟರ್ ಪ್ರಕಾರ ಹಿಡಿದದ್ದು 1 ದಿನ, ಯಾಕೆಂದರೆ ಅವರು ಎಣಿಸುವುದು ಸ್ಯಾಂಪಲ್ ಬಾಗಿಲಿಗೆ ಬಂದ ಹೊತ್ತಿನಿಂದ. ರೋಗಿ ಕಾದದ್ದು 8 ದಿನ. ಪ್ರಾಕ್ಟಿಕಲ್‌ನಲ್ಲಿ ಫಾರ್ಮ್ ತಯಾರಿಸಲು ಹೇಳಿದರೆ ಕಫ ತೆಗೆದ ಹೊತ್ತಿಗೂ, ರಿಪೋರ್ಟ್ ಕೇಂದ್ರಕ್ಕೆ ಮುಟ್ಟಿದ ಹೊತ್ತಿಗೂ ಒಂದೊಂದು ಕಾಲಂ ಬಿಡಿ.