ಬಿಪಿ ಮಾತ್ರೆ, ನೋವಿನ ಮಾತ್ರೆ ಮತ್ತು ಕಿಡ್ನಿಯ ಕಿರುಧಮನಿಗಳು

ಕೆಲವು ಬಗೆಯ ಬಿಪಿ ಮಾತ್ರೆ ಶುರುವಾದ ಎರಡು ವಾರಕ್ಕೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ; ಸೋಸುವಿಕೆ ತಗ್ಗಿದರೆ ಇದು ಏರುತ್ತದೆ) 1.0 ಇದ್ದದ್ದು 1.2 ಆಗಿರುತ್ತದೆ. 'ಮಾತ್ರೆಯಿಂದ ಕಿಡ್ನಿ ಹಾಳಾಯ್ತು' ಎಂದು ಅದನ್ನು ಬಿಟ್ಟುಬಿಡುವವರು ಬಹಳ. ಹೆಚ್ಚಿನ ಸಲ ಆ ಗಾಬರಿಗೆ ಕಾರಣವಿಲ್ಲ.

ಕಿಡ್ನಿಯಲ್ಲಿ ರಕ್ತ ಸೋಸುವ ಸೂಕ್ಷ್ಮ ನಾಳಗಳ ಗೊಂಚಲಿಗೆ ಗ್ಲೊಮೆರುಲಸ್ ಎನ್ನುತ್ತಾರೆ. ಪ್ರತಿ ಗ್ಲೊಮೆರುಲಸ್‌ಗೂ ಒಳಬರುವ ಒಂದು ಕಿರುಧಮನಿ (ಒಳನಾಳ), ಹೊರಹೋಗುವ ಒಂದು ಕಿರುಧಮನಿ (ಹೊರನಾಳ) ಇರುತ್ತವೆ. ಬಿಪಿ ಏರಿ ಒಳನಾಳದ ಗೋಡೆ ಹಿಗ್ಗಿದರೆ ಅದರ ಸ್ನಾಯುಕೋಶಗಳಿಗೆ ಕ್ಯಾಲ್ಸಿಯಂ ನುಗ್ಗಿ, ಕೆಲವೇ ಸೆಕೆಂಡುಗಳಲ್ಲಿ ನಾಳ ಬಿಗಿಯುತ್ತದೆ. ಇನ್ನೊಂದು ಕಾವಲು ತುಸು ನಿಧಾನದ್ದು. ಸೋಸುವಿಕೆ ಹೆಚ್ಚಿ ಮುಂದಿನ ನಳಿಕೆಗೆ ಉಪ್ಪು ಜಾಸ್ತಿ ಬಂದರೆ ಆ ನಳಿಕೆಯ ಗೋಡೆಯಲ್ಲಿರುವ ಮ್ಯಾಕುಲಾ ಡೆನ್ಸಾ ಎಂಬ ಕೋಶಗಳು ಅದನ್ನು ಗುರುತಿಸಿ, ಅಡಿನೊಸಿನ್ ಎಂಬ ರಾಸಾಯನಿಕದ ಮೂಲಕ ಅದೇ ಒಳನಾಳವನ್ನು ಕಿರಿದು ಮಾಡಿಸುತ್ತವೆ. ಹೀಗಾಗಿ ಸರಾಸರಿ ರಕ್ತದೊತ್ತಡ ಸುಮಾರು 80ರಿಂದ 180ರ ನಡುವೆ ಎಲ್ಲಿದ್ದರೂ ಸೋಸುವ ಪ್ರಮಾಣ ಅಷ್ಟಾಗಿ ಕದಲದು. (120/80 ಇದ್ದವರ ಸರಾಸರಿ 93. ಎರಡು ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ಕೆಳಗಿನ ಅಂಕಿಗೆ ಕೂಡಿಸಿದರೆ ಬರುವ ಲೆಕ್ಕ.)

ಬಿಪಿ ಇಳಿದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಒಳನಾಳವನ್ನು ಸಡಿಲಿಸುತ್ತದೆ, ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನು ಹೊರನಾಳವನ್ನು ಬಿಗಿಯುತ್ತದೆ. ನಡುವಿನ ಒತ್ತಡ ಉಳಿಯುವುದು ಹಾಗೆ. ಟೆಲ್ಮಿಸಾರ್ಟಾನ್, ಎನಾಲಪ್ರಿಲ್‌ನಂಥ ಬಿಪಿ ಮಾತ್ರೆಗಳು ಈ ಹೊರನಾಳವನ್ನೇ ಸಡಿಲಿಸುತ್ತವೆ. ಗ್ಲೊಮೆರುಲಸ್ ಒಳಗಿನ ಒತ್ತಡ ಇಳಿದು ಕ್ರಿಯಾಟಿನಿನ್ ತುಸು ಏರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೂತ್ರಕ್ಕೆ ಪ್ರೋಟೀನ್ ಸೋರುವುದು ತಗ್ಗುವುದಕ್ಕೂ ಇದೇ ಮುಖ್ಯ ಕಾರಣ. ಏರಿಕೆ ಶೇ 30ರೊಳಗಿದ್ದು, ಪೊಟ್ಯಾಸಿಯಂ ಸರಿಯಿದ್ದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತೇವೆ. ಅದನ್ನು ಮೀರಿದರೆ ಕಿಡ್ನಿಗೆ ಹೋಗುವ ಮುಖ್ಯ ಧಮನಿಯೇ ಕಿರಿದಾಗಿದೆಯೇ ಎಂದೂ ನೋಡಬೇಕಾಗುತ್ತದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆಯೂ ನಡೆಯುತ್ತಿರುತ್ತದೆ, ವಾಂತಿ-ಭೇದಿಯಾಗಿ ಮೈಯಲ್ಲಿ ನೀರು ಬತ್ತಿರುತ್ತದೆ, ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಡೈಕ್ಲೊಫೆನಾಕ್ ತಂದು ನುಂಗುತ್ತಾರೆ. ಡೈಕ್ಲೊಫೆನಾಕ್ ಪ್ರೊಸ್ಟಾಗ್ಲಾಂಡಿನ್ ತಡೆಯುವುದರಿಂದ ಒಳನಾಳ ತೆರೆಯದು, ಟೆಲ್ಮಿಸಾರ್ಟಾನ್‌ನಿಂದ ಹೊರನಾಳ ಬಿಗಿಯದು. ಒಂದೆರಡು ದಿನದಲ್ಲೇ ಮೂತ್ರ ಕಡಿಮೆಯಾಗಬಹುದು. ಅಂಥ ದಿನ ಡೈಕ್ಲೊಫೆನಾಕ್, ಐಬುಪ್ರೊಫೇನ್ ಮುಟ್ಟಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬಿಪಿ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ವೈದ್ಯರಿಗೆ ಫೋನ್ ಮಾಡಿ ಕೇಳಿ, ಮತ್ತೆ ಯಾವಾಗ ಶುರು ಮಾಡಬೇಕೆಂಬುದನ್ನೂ ಆಗಲೇ ಕೇಳಿಕೊಳ್ಳಿ.

ಹತ್ತಾರು ವರ್ಷ ಬಿಪಿ ಏರಿಯೇ ಇದ್ದವರಲ್ಲಿ ಈ ನಾಳಗಳ ಗೋಡೆ ದಪ್ಪಗಾಗಿ, ಅವು ಹೆಚ್ಚಿನ ಒತ್ತಡಕ್ಕೇ ಹೊಂದಿಕೊಂಡಿರುತ್ತವೆ. ಬೇರೆ ತುರ್ತು ಇಲ್ಲದಿದ್ದರೆ ಮೇಲಿನ ಅಂಕಿ 200 ಇರುವ ಬಿಪಿಯನ್ನು ಒಂದೇ ದಿನದಲ್ಲಿ 120ಕ್ಕೆ ಇಳಿಸದೆ, ವಾರಗಳ ಮೇಲೆ ಇಳಿಸುವುದು ಅದಕ್ಕೇ.