ಕರ್ವಾಲೊ, ಡುಬ್ಚೆಕ್, ಐಕ್‌ಮನ್: ಓಕ್ ಮರದಿಂದ ಬಂದ ಕುಲನಾಮಗಳು

ವಿದೇಶಿ ದಾಖಲೆಗಳ ಅನುವಾದವೂ ಹೆಸರುಗಳ ವ್ಯುತ್ಪತ್ತಿಯ ಪರಿಶೀಲನೆಯೂ ನನ್ನ ವೃತ್ತಿಯಾಗಿರುವುದರಿಂದ, ಹಾಸನದ ನನ್ನ ಕಚೇರಿಗೆ ಬರುವವರಲ್ಲಿ ಹಲವರು ಕಾಗದದ ಕೆಲಸ ಮುಗಿದ ಮೇಲೆ ಯಾವುದಾದರೊಂದು ಕುಲನಾಮವನ್ನು ಹೇಳಿ ಅದರ ಅರ್ಥ ಕೇಳುತ್ತಾರೆ. ಸಕಲೇಶಪುರದ ತೋಟವೊಂದರ ಹಳೆಯ ಕ್ರಯಪತ್ರದಲ್ಲಿ ಸಿಕ್ಕ ಇಂಗ್ಲಿಷ್ ದೊರೆಯ ಹೆಸರು ಇರಬಹುದು, ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ ಮಗಳ ಮೇಲಧಿಕಾರಿಯ ಹೆಸರು ಇರಬಹುದು, ಕಾಫಿ ಕೊಳ್ಳುವ ಇಟಲಿಯ ವ್ಯಾಪಾರಿಯ ಹೆಸರು ಇರಬಹುದು. ಇಂಥ ಹೆಸರುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಮರವೆಂದರೆ ಓಕ್. ‘ಇದಕ್ಕೆ ಓಕ್ ಎಂದರ್ಥ’ ಎಂದು ಹೇಳುವುದು ಒಂದು ನಿಮಿಷದ ಕೆಲಸ. ಆದರೆ ಆ ಅರ್ಥದಿಂದ ಆ ಕುಟುಂಬದ ಬಗ್ಗೆ ನಮಗೆ ಏನು ತಿಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಪ್ರಶ್ನೆ. ಹೆಸರಿನ ಅರ್ಥಕ್ಕಿಂತ ಅದು ಸಾಗಿ ಬಂದ ದಾರಿಯೇ ಹೆಚ್ಚು ಸಂಗತಿಗಳನ್ನು ತಿಳಿಸುತ್ತದೆ.

ಮೊದಲು ಮರವನ್ನು ಗುರುತಿಸಿಕೊಳ್ಳಬೇಕು, ಏಕೆಂದರೆ ನಮ್ಮ ಕಾಫಿ ಸೀಮೆಯಲ್ಲಿ ‘ಓಕ್’ ಎಂದರೆ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್. ಅದು ಪೂರ್ವ ಆಸ್ಟ್ರೇಲಿಯದಿಂದ ತಂದು ನೆಟ್ಟ ಗ್ರೆವಿಲಿಯ ರೊಬಸ್ಟ. ನಿಜವಾದ ಓಕ್‌ಗೂ ಅದಕ್ಕೂ ಸಸ್ಯಶಾಸ್ತ್ರದಲ್ಲಿ ನೆಂಟಸ್ತಿಕೆಯಿಲ್ಲ, ಹಲಗೆಯ ಎಳೆ ಓಕ್‌ನಂತೆ ಕಾಣುತ್ತದೆಂಬ ಕಾರಣಕ್ಕೆ ಆ ಹೆಸರು ಬಂತು. ನಿಜವಾದ ಓಕ್‌ಗಳು ಕ್ವೆರ್ಕಸ್ ಕುಲಕ್ಕೆ ಸೇರಿದ ಸುಮಾರು 500 ಜಾತಿಗಳು. ಭಾರತದಲ್ಲಿ ಅವು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಬೆಳೆಯುತ್ತವೆ. ಕುಮಾವೂಂ ಕಡೆಯವರು ‘ಬಾಂಜ್’ ಎನ್ನುವುದು ಅಂಥದ್ದೇ ಒಂದು ಮರ. ಪಶ್ಚಿಮಘಟ್ಟದಲ್ಲಿ ಅವು ತಾವಾಗಿ ಬೆಳೆಯುವುದಿಲ್ಲ. ಹೀಗಾಗಿ ಕನ್ನಡಕ್ಕೆ ಓಕ್‌ಗೊಂದು ಸ್ವಂತ ಹೆಸರು ಬೇಕಾಗಲಿಲ್ಲ. ಯುರೋಪಿನಲ್ಲಿ ಮಾತ್ರ ಅದು ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಮರ: ಶತಮಾನಗಟ್ಟಲೆ ಬದುಕುತ್ತದೆ, ಒಂಟಿಯಾಗಿ ನಿಂತರೂ ದೂರಕ್ಕೆ ಕಾಣುತ್ತದೆ, ಅದರ ಕಾಯಿ ಹಂದಿಗಳಿಗೆ ಮೇವು, ತೊಗಟೆ ಚರ್ಮ ಹದ ಮಾಡಲು, ದಿಮ್ಮಿ ಮನೆಗೂ ಹಡಗಿಗೂ. ಇಂಗ್ಲೆಂಡಿನ ಪ್ರಾಚೀನ ದಾನಪತ್ರಗಳು ಜಮೀನಿನ ಚಕ್ಕುಬಂದಿ ಹೇಳುವಾಗ ಇಂಥ ಓಕ್‌ನಿಂದ ಇಂಥ ಹಳ್ಳದವರೆಗೆ ಎಂದು ಬರೆಯುತ್ತವೆ. ಗಡಿಯ ಗುರುತಾದ ಮರ ಅದರ ಪಕ್ಕದಲ್ಲಿದ್ದವನ ಗುರುತೂ ಆಯಿತು.

ಇಂಗ್ಲಿಷಿನ ಓಕ್ಸ್, ಓಕ್ಲಿ, ಆಕ್ರಾಯ್ಡ್ ಎಂಬ ಕುಲನಾಮಗಳು ಹೀಗೆ ಹುಟ್ಟಿದವು. ಕೊನೆಯ ಎರಡರಲ್ಲಿ ಓಕ್ ಜೊತೆಗೆ ಕಾಡು ಕಡಿದು ಮಾಡಿದ ಬಯಲು ಎಂಬ ಅರ್ಥವೂ ಸೇರಿದೆ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ನೋಕ್ಸ್ ಎಂಬ ಹೆಸರು. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಆಟೆನ್ ಓಕ್’ ಎಂದರೆ ‘ಓಕ್ ಮರದ ಬಳಿಯ’. ಹೇಳುತ್ತ ಹೇಳುತ್ತ ಮೊದಲ ಪದದ ಕೊನೆಯ ನಕಾರ ಮುಂದಿನ ಪದಕ್ಕೆ ಅಂಟಿ ‘ನೋಕ್’ ಆಯಿತು, ಅದಕ್ಕೆ ಸಕಾರ ಸೇರಿ ನೋಕ್ಸ್ ಆಯಿತು. ಆಶ್ ಮರದ ಬಳಿಯವನು ನ್ಯಾಶ್ ಆದದ್ದೂ ಹೀಗೆಯೇ. ವಿಭಕ್ತಿಯ ಒಂದು ಅಕ್ಷರ, ಆ ವಿಭಕ್ತಿಯೇ ಭಾಷೆಯಿಂದ ಅಳಿದುಹೋದ ಮೇಲೂ, ಒಂದು ಮನೆತನದ ಹೆಸರಿನಲ್ಲಿ ಉಳಿದುಕೊಂಡಿದೆ.

ಹಳೆಯ ಇಂಗ್ಲಿಷಿನ ‘ಆಕ್’, ಜರ್ಮನ್ನಿನ ‘ಐಖೆ’, ಡಚ್ಚಿನ ‘ಐಕ್’, ಸ್ವೀಡಿಷ್‌ನ ‘ಏಕ್’ ಇವೆಲ್ಲ ಒಂದೇ ಮೂಲದ ರೂಪಗಳು. ಬೆರಿಬೆರಿ ರೋಗಕ್ಕೂ ಆಹಾರಕ್ಕೂ ಇರುವ ಸಂಬಂಧವನ್ನು ಗುರುತಿಸಿ 1929ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಕ್ರಿಸ್ಟಿಯಾನ್ ಐಕ್‌ಮನ್ ಹೆಸರಿನಲ್ಲಿ ಓಕ್ ಇದೆ. ಚಿತ್ರಕಾರ ಯಾನ್ ವಾನ್ ಐಕ್‌ನ ಹೆಸರು ಮಾಸೈಕ್ ಎಂಬ ಊರಿನಿಂದ ಬಂದದ್ದು, ಊರಿನ ಹೆಸರಿನಲ್ಲಿ ಓಕ್. ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಐಷರ್ ಲಾರಿ ಮತ್ತು ಟ್ರ್ಯಾಕ್ಟರುಗಳ ಹೆಸರು ಬವೇರಿಯದಲ್ಲಿ ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಸೋದರರ ಕುಲನಾಮ. ಜರ್ಮನ್ನರು ಅದನ್ನು ‘ಐಖರ್’ ಎನ್ನುತ್ತಾರೆ, ಓಕ್ ಮರದ ಬಳಿಯವನು ಎಂಬುದು ಅದರ ಸಾಮಾನ್ಯ ವಿವರಣೆ. ಆದರೆ ಅದೇ ರೂಪದ ಹೆಸರು ತೂಕ ಮತ್ತು ಅಳತೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದ ಅಧಿಕಾರಿಗೂ ಇತ್ತು, ಏಕೆಂದರೆ ಜರ್ಮನ್ನಿನಲ್ಲಿ ಅಳತೆ ಸರಿಪಡಿಸುವ ಕ್ರಿಯಾಪದವೂ ಬಹುತೇಕ ಇದೇ ಧ್ವನಿಯದು. ಆದ್ದರಿಂದ ಯಾವ ಐಖರ್ ಕುಟುಂಬ ಮರದ್ದು, ಯಾವುದು ತಕ್ಕಡಿಯದ್ದು ಎಂಬುದನ್ನು ಹೆಸರಿನಿಂದಷ್ಟೇ ತೀರ್ಮಾನಿಸುವಂತಿಲ್ಲ. ಆ ಕುಟುಂಬದ ಊರನ್ನೂ ಚರ್ಚಿನ ಹಳೆಯ ದಾಖಲೆಯನ್ನೂ ನೋಡಬೇಕು.

ಲ್ಯಾಟಿನ್ನಿನಿಂದ ಬಂದ ಭಾಷೆಗಳಿಗೆ ಹೋದರೆ ಒಂದೇ ಮರಕ್ಕೆ ಹಲವು ಮೂಲಗಳು ಸಿಗುತ್ತವೆ. ಫ್ರೆಂಚರು ಲ್ಯಾಟಿನ್ ಪದವನ್ನು ಬಿಟ್ಟು, ರೋಮನ್ನರಿಗಿಂತ ಮುಂಚೆ ಆ ನಾಡಿನಲ್ಲಿದ್ದ ಗಾಲ್ ಜನರ ಪದವನ್ನು ಉಳಿಸಿಕೊಂಡರು. ಅದು ‘ಶೇನ್’ ಆಗಿ ದುಶೇನ್ ಎಂಬ ಕುಲನಾಮ ಕೊಟ್ಟಿತು. ಉತ್ತರದ ಪಿಕಾರ್ಡಿ ಮತ್ತು ನಾರ್ಮಂಡಿಯಲ್ಲಿ ಶಕಾರದ ಬದಲು ಕಕಾರವಿದ್ದುದರಿಂದ ಅದೇ ಹೆಸರು ದ್ಯುಕೇನ್ ಆಯಿತು, ಓಕ್ ತೋಪಿನವರು ಕೆನೆ ಆದರು. ಕೃಷಿಯೇ ಸಂಪತ್ತಿನ ಮೂಲ ಎಂದು ವಾದಿಸಿದ 18ನೇ ಶತಮಾನದ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಕೆನೆ ಈ ಹೆಸರಿನವನು. ದಕ್ಷಿಣದ ಗ್ಯಾಸ್ಕನಿಯಲ್ಲಿ ಅದೇ ಮೂಲ ‘ಕಾಸ್’ ಆಗಿ ದ್ಯುಕಾಸ್ ಎಂಬ ಹೆಸರು ಬಂತು. ದುಶೇನ್, ದ್ಯುಕೇನ್, ದ್ಯುಕಾಸ್ ಮೂರಕ್ಕೂ ಅರ್ಥ ಒಂದೇ, ವ್ಯತ್ಯಾಸವಿರುವುದು ನಾಡಿನಲ್ಲಿ. ಕುಟುಂಬದ ಮೂಲ ಹುಡುಕುವವರಿಗೆ ನಿಜವಾದ ಸುಳಿವು ಸಿಗುವುದು ಆ ಧ್ವನಿವ್ಯತ್ಯಾಸದಲ್ಲಿ.

ಲ್ಯಾಟಿನ್ನಿನಲ್ಲಿಯೂ ಓಕ್‌ಗೆ ಎರಡು ಪದಗಳಿದ್ದವು. ‘ಕ್ವೆರ್ಕುಸ್’ ಎಂಬುದರಿಂದ ಇಟಲಿಯ ಶಿಲ್ಪಿ ಯಾಕೊಪೊ ದೆಲ್ಲ ಕ್ವೆರ್ಚ ಅಂಥವರ ಹೆಸರು ಬಂತು. ‘ರೋಬುರ್’ ಎಂದರೆ ಗಟ್ಟಿ ಓಕ್, ಅದರ ದಿಮ್ಮಿ, ಮತ್ತು ಅದರಿಂದಲೇ ಬಲ. ಸ್ಪ್ಯಾನಿಷ್‌ನ ರೋಬ್ಲೆಸ್ ಮತ್ತು ರೋಬ್ಲೆದೊ, ಇಟಲಿಯ ದೆಲ್ಲ ರೊವೆರೆ ಈ ಬುಡದವು. ದೆಲ್ಲ ರೊವೆರೆ ಮನೆತನದಿಂದ ಇಬ್ಬರು ಪೋಪರಾದರು: ಸಿಸ್ಟೀನ್ ಪ್ರಾರ್ಥನಾಮಂದಿರಕ್ಕೆ ತನ್ನ ಹೆಸರು ಕೊಟ್ಟ ನಾಲ್ಕನೆಯ ಸಿಕ್ಸ್ಟಸ್, ಮತ್ತು ಆ ಮಂದಿರದ ಒಳಮಾಳಿಗೆಗೆ ಮೈಕೆಲೇಂಜಲೊನಿಂದ ಚಿತ್ರ ಬರೆಸಿದ ಎರಡನೆಯ ಜೂಲಿಯಸ್. 1508ರಿಂದ 1512ರವರೆಗೆ ನಡೆದ ಆ ಕೆಲಸದಲ್ಲಿ ಓಕ್ ಎಲೆಗಳ ಮಾಲೆಗಳೂ ಓಕ್ ಕಾಯಿಗಳೂ ಅಲ್ಲಲ್ಲಿ ಕಾಣುತ್ತವೆ. ಮನೆತನದ ಲಾಂಛನದಲ್ಲಿ ಓಕ್ ಮರವಿತ್ತು. ಇದೇ ‘ರೋಬುರ್’ನಿಂದ ‘ರೋಬುಸ್ತುಸ್’, ಓಕ್‌ನಂತೆ ಗಟ್ಟಿಯಾದದ್ದು ಎಂಬ ವಿಶೇಷಣ ಹುಟ್ಟಿ, ಸಸ್ಯಶಾಸ್ತ್ರಜ್ಞರ ಲ್ಯಾಟಿನ್ನಿನ ಮೂಲಕ ನಮ್ಮ ತೋಟಗಳಿಗೆ ಬಂದಿದೆ. ರೊಬಸ್ಟ ಕಾಫಿಯ ಹೆಸರಿನಲ್ಲಿಯೂ, ಅದಕ್ಕೆ ನೆರಳು ಕೊಡುವ ಗ್ರೆವಿಲಿಯ ರೊಬಸ್ಟದ ಹೆಸರಿನಲ್ಲಿಯೂ ಇರುವುದು ಅದೇ ಪದ. ಓಕ್ ಬೆಳೆಯದ ನಾಡಿನ ಬೆಳೆಗಾರರು ಧಾರಣೆ ಕೇಳುವಾಗಲೆಲ್ಲ ರೋಬ್ಲೆಸ್ ಮತ್ತು ರೊವೆರೆಗಳ ದಾಯಾದಿ ಪದವೊಂದನ್ನು ಉಚ್ಚರಿಸುತ್ತಿದ್ದಾರೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಸ್ಪೇನಿನ ಹೆಸರುಗಳನ್ನು ಬರಿದೇ ‘ಓಕ್’ ಎಂದು ಅನುವಾದಿಸುವುದು ಸಾಲದು. ಎಲೆ ಉದುರಿಸುವ ಓಕ್ ‘ರೋಬ್ಲೆ’, ನಿತ್ಯಹಸಿರಾಗಿರುವುದು ‘ಎನ್ಸಿನ’, ಬೆಂಡಿನ ತೊಗಟೆ ಕೊಡುವುದು ‘ಅಲ್ಕೊರ್ನೊಕೆ’. ಎನ್ಸಿನಾಸ್, ಕರಾಸ್ಕೊ ಎಂಬ ಕುಲನಾಮಗಳು ನಿತ್ಯಹಸಿರು ಓಕ್‌ನವು. ಅತ್ತಿ, ಆಲ, ಅರಳಿ, ಬಸರಿ, ಗೋಣಿ ಎಲ್ಲವೂ ಸಸ್ಯಶಾಸ್ತ್ರಕ್ಕೆ ಒಂದೇ ಫೈಕಸ್ ಕುಲವಾದರೂ ಮಲೆನಾಡಿನವರಿಗೆ ಐದು ಬೇರೆ ಮರಗಳಲ್ಲವೇ? ಮರದೊಡನೆ ಬದುಕುವವರು ಅದನ್ನು ಜಾತಿಯಾಗಿ ಬಿಡಿಸಿ ಹೆಸರಿಸುತ್ತಾರೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಯೂ ಹಾಗೆಯೇ: ‘ಅರಿಟ್ಸ್’ ಎಂಬ ಓಕ್‌ನಿಂದ ಅರಿಸ್ಮೆಂದಿ, ‘ಅಮೆಟ್ಸ್’ ಎಂಬ ಇನ್ನೊಂದು ಜಾತಿಯಿಂದ ಅಮೆಸಾಗ.

ಪೋರ್ಚುಗೀಸಿನಲ್ಲಿ ಓಕ್ ಮರ ‘ಕಾರ್ವಾಲ್ಯು’. ಅದೇ ನಮ್ಮ ಕರ್ವಾಲೊ. ತೇಜಸ್ವಿಯವರ ಕಾದಂಬರಿಯ ಮೂಲಕ ಮೂಡಿಗೆರೆಯ ಕಾಡಿನೊಡನೆ ಬೆಸೆದುಕೊಂಡಿರುವ ಈ ಹೆಸರಿನ ಅರ್ಥ ತಿಳಿದಾಗ ಓದುಗರಿಗೆ ಆಗುವ ಅಚ್ಚರಿಯನ್ನು ನಾನು ಹಲವು ಸಲ ಕಂಡಿದ್ದೇನೆ. 1755ರ ಭೂಕಂಪದ ನಂತರ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದ ಪೊಂಬಾಲ್‌ನ ಮಾರ್ಕ್ವಿಸ್‌ನ ಕುಲನಾಮವೂ ಕರ್ವಾಲೊ. ಆದರೆ ಪೋರ್ಚುಗಲ್ಲಿನ ಕರ್ವಾಲೊ ಮತ್ತು ಕರಾವಳಿಯ ಕರ್ವಾಲೊ ಒಂದೇ ವಂಶ ಎಂದುಕೊಳ್ಳುವುದು ತಪ್ಪಾಗುತ್ತದೆ. ಗೋವಾ 1510ರಲ್ಲಿ ಪೋರ್ಚುಗೀಸರ ವಶವಾದ ಮೇಲೆ ಅಲ್ಲಿ ಕ್ರೈಸ್ತರಾದವರಿಗೆ ದೀಕ್ಷಾಸ್ನಾನದ ಸಮಯದಲ್ಲಿ ಪೋರ್ಚುಗೀಸ್ ಹೆಸರು ಕೊಡುವ ಪದ್ಧತಿ ಬೆಳೆಯಿತು. ಕುಲನಾಮ ಬಹಳ ಸಲ ಧರ್ಮಪಿತನದು ಅಥವಾ ಪಾದ್ರಿಯದು. ಆ ಕುಟುಂಬಗಳಲ್ಲಿ ಹಲವು ಮುಂದೆ ಮಂಗಳೂರಿಗೂ, ಘಟ್ಟ ಹತ್ತಿ ಕಾಫಿ ಸೀಮೆಗೂ ಬಂದವು. ಹೀಗೆ ಕೊಂಕಣಿ ಮನೆಮಾತಿನ ಕುಟುಂಬವೊಂದರ ಹೆಸರಿನಲ್ಲಿ ಓಕ್ ಇದ್ದರೂ ಅದರ ಪೂರ್ವಜರು ಓಕ್ ಮರವನ್ನು ಕಂಡಿರಲೇಬೇಕೆಂದಿಲ್ಲ. ಹೆಸರಿನ ಅರ್ಥ ಐಬೀರಿಯದ್ದು, ಹೆಸರಿನ ಇತಿಹಾಸ ಗೋವೆಯದ್ದು. ಮರದ ಹೆಸರುಳ್ಳ ಪೋರ್ಚುಗೀಸ್ ಕುಲನಾಮಗಳೆಲ್ಲ ಮತಾಂತರಗೊಂಡ ಯಹೂದಿಗಳವು ಎಂಬ ಪ್ರಚಲಿತ ನಂಬಿಕೆಯನ್ನೂ ಇಲ್ಲಿಯೇ ತಳ್ಳಿಹಾಕಬೇಕು. ಅಂಥ ಹೆಸರುಗಳು ಅಲ್ಲಿನ ಎಲ್ಲ ಬಗೆಯ ಕುಟುಂಬಗಳಲ್ಲಿ ಇದ್ದವು.

ಸ್ಲಾವ್ ಭಾಷೆಗಳಲ್ಲಿ ಓಕ್ ‘ದುಬ್’. ಪ್ರಾಗ್ ವಸಂತ ಎಂದು ಕರೆಯುವ, 1968ರ ಚೆಕೊಸ್ಲೊವಾಕಿಯದ ಸುಧಾರಣೆಯ ಯತ್ನದ ನಾಯಕ ಅಲೆಕ್ಸಾಂಡರ್ ಡುಬ್ಚೆಕ್‌ನ ಹೆಸರಿಗೆ ಪುಟ್ಟ ಓಕ್ ಎಂದರ್ಥ. ಪೋಲೆಂಡಿನಲ್ಲಿ ಬಹಳ ಹಬ್ಬಿರುವ ದೊಂಬ್ರೊಫ್‌ಸ್ಕಿ ಎಂಬ ಹೆಸರು ನೇರವಾಗಿ ಮರದಿಂದ ಬರಲಿಲ್ಲ. ‘ದೊಂಬ್ರೊವ’ ಎಂದರೆ ಓಕ್ ತೋಪು. ಆ ಹೆಸರಿನ ಊರುಗಳು ಪೋಲೆಂಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ‘ಸ್ಕಿ’ ಎಂಬುದು ಕಾರವಾರ ಮತ್ತು ಬೆಳಗಾವಿ ಕಡೆಯ ಹೆಸರುಗಳ ಕೊನೆಯಲ್ಲಿ ಬರುವ ‘ಕರ್’ ಮಾಡುವ ಕೆಲಸವನ್ನೇ ಮಾಡುತ್ತದೆ. ಆದ್ದರಿಂದ ಇಬ್ಬರು ದೊಂಬ್ರೊಫ್‌ಸ್ಕಿಗಳು ಪರಸ್ಪರ ಬಂಧುಗಳಾಗಿರಬೇಕಾದ ಕಾರಣವಿಲ್ಲ, ಅವರ ಊರುಗಳು ನೂರಾರು ಮೈಲಿ ದೂರವಿರಬಹುದು. ಹಾಸನದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಏಕೆಂದರೆ ನಮ್ಮ ಇನಿಷಿಯಲ್ಲುಗಳ ಒಳಗೂ ಊರೇ ಇದೆ. ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಎಚ್.ಡಿ. ಕುಮಾರಸ್ವಾಮಿಯವರ ಹೆಸರಿನಲ್ಲಿ ‘ಎಚ್’ ಅದೇ ಹರದನಹಳ್ಳಿ, ಆದರೆ ‘ಡಿ’ ದೇವೇಗೌಡರು. ತಂದೆಯ ಅಕ್ಷರ ತಲೆಮಾರಿನೊಡನೆ ಬದಲಾಗುತ್ತದೆ, ಊರಿನ ಅಕ್ಷರ ಮುಂದುವರಿಯುತ್ತದೆ. ಇಂದು ವಿದೇಶಕ್ಕೆ ಹೋಗುವ ನಮ್ಮ ಯುವಕರು ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಆ ಊರನ್ನು ಬಿಡಿಸಿ ಬರೆದಾಗ, ಪೋಲೆಂಡಿನಲ್ಲಿ ಎಂದೋ ನಡೆದದ್ದು ನಮ್ಮ ಕಣ್ಣೆದುರು ನಡೆಯುತ್ತದೆ.

ಇಲ್ಲಿಯವರೆಗೆ ಹೇಳಿದ ಹೆಸರುಗಳಲ್ಲಿ ಹೆಚ್ಚಿನವು ಜನರ ಬಾಯಲ್ಲಿ ಬೆಳೆದವು. ಸರ್ಕಾರದ ಆದೇಶದಿಂದ ಹುಟ್ಟಿದ ಓಕ್‌ಗಳೂ ಇವೆ. ಎಸ್ಟೋನಿಯ ಮತ್ತು ಲಾಟ್ವಿಯದ ಬಹುಪಾಲು ರೈತರು ಜೀತದಿಂದ ಬಿಡುಗಡೆಯಾದದ್ದು 1816ರಿಂದ 1819ರ ನಡುವಿನ ಕಾನೂನುಗಳಿಂದ; ಮುಂದಿನ ಎರಡು ದಶಕಗಳಲ್ಲಿ ಅವರಿಗೆ ಕುಲನಾಮಗಳನ್ನು ಬರೆದುಕೊಡಲಾಯಿತು. ಎಸ್ಟೋನಿಯದ ತಮ್, ಲಾಟ್ವಿಯದ ಓಜೋಲ್ಸ್ ಮತ್ತು ಓಜೋಲಿನ್ಶ್ ಎಲ್ಲವೂ ಓಕ್. ಅವು ಆ ದೇಶಗಳಲ್ಲಿ ಅತಿ ಸಾಮಾನ್ಯ. ಆಸ್ಟ್ರಿಯವನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ 1787ರಲ್ಲಿ ತನ್ನ ಸಾಮ್ರಾಜ್ಯದ ಯಹೂದಿಗಳು ಜರ್ಮನ್ ಕುಲನಾಮ ಇಟ್ಟುಕೊಳ್ಳಬೇಕೆಂದು ಆಜ್ಞೆ ಮಾಡಿದ ಮೇಲೆ ಹಬ್ಬಿದ ಅಲಂಕಾರದ ಹೆಸರುಗಳ ಬಗೆಗೆ ಐಖೆನ್‌ಬೌಮ್ ಸೇರುತ್ತದೆ. ಸ್ವೀಡನ್ನಿನ ಎಕ್‌ಲುಂಡ್ (ಓಕ್ ಮತ್ತು ತೋಪು), ಎಕ್‌ಸ್ಟ್ರೋಮ್ (ಓಕ್ ಮತ್ತು ಹೊಳೆ) ಕೂಡ ಹೀಗೆ ಚೆಂದಕ್ಕಾಗಿ ಆಯ್ದ ಜೋಡುಪದಗಳು. ಓಕ್ ಮತ್ತು ಹೊಳೆ ಎರಡೂ ಒಬ್ಬನ ಮನೆಯ ಹತ್ತಿರ ಇದ್ದವೆಂದು ಅವುಗಳಿಂದ ಊಹಿಸಬಾರದು. ಇಸ್ರೇಲಿನ ಸೇನಾನಿ ಯಿಗಾಲ್ ಅಲ್ಲೋನ್ ತನ್ನ ಹಳೆಯ ಪೈಕೊವಿಚ್ ಎಂಬ ಹೆಸರನ್ನು ಬಿಟ್ಟು ಹೀಬ್ರೂ ಭಾಷೆಯ ಓಕ್ ಅನ್ನು ತಾನೇ ಆರಿಸಿಕೊಂಡನು.

ಐರಿಷ್ ಭಾಷೆಯ ‘ದರ್’ ಎಂಬ ಪದವನ್ನು ಬಿಟ್ಟರೆ ಕನ್ನಡದ ಓದುಗರಿಗೆ ನಷ್ಟ. ಡೆರಿ ನಗರದ ಹೆಸರು ಓಕ್ ತೋಪು ಎಂಬ ಅರ್ಥದ್ದು, ದಾರಾ ಎಂಬ ಕುಲನಾಮದಲ್ಲಿ ಅದೇ ಓಕ್ ಇದೆ. ಗ್ರೀಕಿನಲ್ಲಿ ಓಕ್ ‘ದ್ರ್ಯುಸ್’. ಇವುಗಳ ಮೂಲಧಾತುವೇ ಸಂಸ್ಕೃತದಲ್ಲಿ ‘ದಾರು’ ಮತ್ತು ‘ದ್ರುಮ’ ಆಗಿ ಮರ ಎಂಬ ಸಾಮಾನ್ಯ ಅರ್ಥದಲ್ಲಿ ನಿಂತಿತು. ದೇವದಾರುವಿನ ಉತ್ತರಪದ ಅದು, ಇಂಗ್ಲಿಷಿನ ‘ಟ್ರೀ’ ಕೂಡ ಅದೇ. ಓಕ್ ಎಲ್ಲೆಡೆ ತುಂಬಿದ್ದ ನಾಡುಗಳಲ್ಲಿ ಮರ ಎಂಬ ಪದ ಓಕ್‌ಗೆ ನಿಂತಿತು ಎಂಬುದು ವಿದ್ವಾಂಸರ ಒಂದು ವಿವರಣೆ, ನನಗೂ ಒಪ್ಪುವಂಥದ್ದು.

ಇನ್ನು ಎಚ್ಚರಿಕೆಯ ಮಾತುಗಳು. ಧ್ವನಿ ಹೋಲುತ್ತದೆಂದು ಹೆಸರುಗಳನ್ನು ಜೋಡಿಸುವುದೇ ಈ ಕ್ಷೇತ್ರದಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ. ಫ್ರೆಂಚಿನ ದ್ಯುಬ್ವಾ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ನೋಡಿದವರು ಸ್ಲಾವ್ ‘ದುಬ್’ ಜೊತೆ ಸೇರಿಸುತ್ತಾರೆ, ಆದರೆ ಅದಕ್ಕೆ ‘ಕಾಡಿನ’ ಎಂದಷ್ಟೇ ಅರ್ಥ. ಜರ್ಮನ್ನಿನ ಐಖ್‌ಹೋರ್ನ್‌ನಲ್ಲಿ ಓಕ್ ಕೇಳಿಸಿದರೂ ಅದು ಅಳಿಲಿನ ಹೆಸರು. ಎಸ್ಟೋನಿಯದ ‘ತಮ್’ ಓಕ್ ಹೌದು, ಅಣೆಕಟ್ಟೂ ಹೌದು. ಜಪಾನಿನ ಕಾಶಿವಾಗಿ ಎಂಬ ಕುಲನಾಮದಲ್ಲಿ ಅಗಲ ಎಲೆಯ ಒಂದು ಓಕ್ ಇದೆ, ಆದರೆ ಅದನ್ನು ಬರೆಯುವ ಅಕ್ಷರ ಚೀನಾದಲ್ಲಿ ಸೈಪ್ರೆಸ್ ಜಾತಿಯ ಸೂಚಿಪರ್ಣಿ ಮರಕ್ಕೆ ನಿಲ್ಲುತ್ತದೆ, ಅದೇ ಅಕ್ಷರದ ಚೀನೀ ಕುಲನಾಮವೂ ಉಂಟು. ಹೀಗಾಗಿ ಹೆಸರೊಂದನ್ನು ತಂದು ಅರ್ಥ ಕೇಳುವವರಿಗೆ ನಾನು ಮೊದಲು ಕೇಳುವುದು, ಆ ಕುಟುಂಬ ಯಾವ ಪ್ರಾಂತದ್ದು, ಹೆಸರು ಮೊದಲು ದಾಖಲಾದದ್ದು ಯಾವ ಕಾಲದಲ್ಲಿ, ಮೂಲ ಲಿಪಿಯಲ್ಲಿ ಅದರ ಅಕ್ಷರಗಳು ಯಾವುವು ಎಂಬುದನ್ನು. ಇವು ದೊರೆಯುವವರೆಗೆ ನಾನು ಅನುವಾದದ ಅಡಿಟಿಪ್ಪಣಿಯಲ್ಲಿ ಅರ್ಥವನ್ನು ಬರೆಯುವುದಿಲ್ಲ.