ತಿಪ್ಪೆಯಲ್ಲೇ ಪಳಗುವ ಶಿಲೀಂಧ್ರ

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತಕ್ಕೆ ಎಲೆಕವಚ ರೋಗ ಬಂದರೆ ಹೆಕ್ಸಕೊನಜೋಲ್ ಅಥವಾ ಪ್ರೊಪಿಕೊನಜೋಲ್ ಹೊಡೆಯುತ್ತಾರೆ. ಮೈಸೂರಿನ ಆಸ್ಪತ್ರೆಯಲ್ಲಿ ಕೀಮೋ ಪಡೆಯುತ್ತಿರುವ ರಕ್ತ ಕ್ಯಾನ್ಸರ್ ರೋಗಿಯ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಶಿಲೀಂಧ್ರ ಹತ್ತಿದರೆ ವೈದ್ಯರು ವೊರಿಕೊನಜೋಲ್ ಕೊಡುತ್ತಾರೆ. ಇವೆಲ್ಲ ಅಜೋಲ್ ಅನ್ನುವ ಒಂದೇ ಗುಂಪಿನ ಶಿಲೀಂಧ್ರನಾಶಕಗಳು. ನನ್ನ ಆತಂಕ ಇರುವುದು ಇಲ್ಲೇ.

ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಬೇಕು. ನಮ್ಮ ಪೊರೆಯಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇರುತ್ತದೆ. ಎರ್ಗೊಸ್ಟೆರಾಲ್ ತಯಾರಿಸುವ ಒಂದು ಕಿಣ್ವಕ್ಕೆ ಅಜೋಲ್ ಹೋಗಿ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಗದ್ದೆಯಲ್ಲೂ ಅಷ್ಟೇ, ವಾರ್ಡಿನಲ್ಲೂ ಅಷ್ಟೇ.

ಆಸ್ಪರ್ಜಿಲಸ್ ಫ್ಯುಮಿಗೇಟಸ್‌ನ ಮನೆ ಕೊಳೆಯುವ ಹುಲ್ಲು, ತರಗು, ತಿಪ್ಪೆ. ಗೊಬ್ಬರದ ಗುಡ್ಡೆಯೊಳಗೆ 50 ಡಿಗ್ರಿ ಬಿಸಿಯಿದ್ದರೂ ಬೆಳೆಯುತ್ತದೆ. ನಮ್ಮ ಮೈಯ 37 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಔಷಧಿ ಹೊಡೆದ ಪೈರಿನ ಕಸ ತಿಪ್ಪೆ ಸೇರಿದರೆ, ಅಲ್ಲಿರುವ ಶಿಲೀಂಧ್ರಕ್ಕೂ ಸ್ವಲ್ಪ ಸ್ವಲ್ಪ ಅಜೋಲ್ ತಾಗುತ್ತಲೇ ಇರುತ್ತದೆ. ಬಹುಪಾಲು ಸಾಯುತ್ತವೆ. ಕಿಣ್ವದ ಆಕಾರ ಬದಲಾದವು, ಆ ಕಿಣ್ವವನ್ನು ಜಾಸ್ತಿ ತಯಾರಿಸುವವು ಬದುಕಿ ಹರಡುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅಜೋಲ್ ಔಷಧಿಯನ್ನೇ ತೆಗೆದುಕೊಳ್ಳದ ರೋಗಿಗಳಲ್ಲೂ ಅಜೋಲ್‌ಗೆ ಬಗ್ಗದ ತಳಿ ಸಿಕ್ಕಿತು, ಅಂದರೆ ಅದು ರೋಗಿಯ ಮೈಯಲ್ಲಲ್ಲ, ಹೊರಗೇ ಪಳಗಿತ್ತು. ಅದೇ ಬಗೆಯ ತಳಿ ಭಾರತದ ಮಣ್ಣಿನಲ್ಲೂ ಸಿಕ್ಕಿದೆ.

ಇದರ ಬೀಜಕಣದ ಅಗಲ 2–3 ಮೈಕ್ರಾನ್ ಅಷ್ಟೇ. ದಿನವೂ ನಾವೆಲ್ಲ ಉಸಿರಿನಲ್ಲಿ ಎಳೆದುಕೊಳ್ಳುತ್ತೇವೆ, ಬಿಳಿ ರಕ್ತಕಣಗಳು ನುಂಗಿಹಾಕುತ್ತವೆ. ಕೀಮೋ ಆದವರಲ್ಲಿ ಆ ಕಣಗಳೇ ಕಡಿಮೆ. ಕಿಡ್ನಿ ಕಸಿ ಆದವರು, ಹೆಚ್ಚು ಸ್ಟೆರಾಯ್ಡ್ ತೆಗೆದುಕೊಳ್ಳುವವರು ಕೂಡ ದುರ್ಬಲರೇ. ಇಂಥವರಿಗೆ ಅಜೋಲ್ ಕೆಲಸ ಮಾಡದಿದ್ದರೆ ಉಳಿಯುವ ದಾರಿ ತೀರಾ ಕಡಿಮೆ. ಆಂಫೊಟೆರಿಸಿನ್ ಅನ್ನುವ ಬೇರೆ ಗುಂಪಿನ ಔಷಧಿ ಇದೆ, ಆದರೆ ಅದು ಕಿಡ್ನಿಗೆ ಪೆಟ್ಟು ಕೊಡಬಲ್ಲದು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಈ ಔಷಧಿಗೆ ಎಷ್ಟು ಪರದಾಡಿದೆವು, ನೆನಪಿದೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ 19 ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಅತಿ ಗಂಭೀರ ಗುಂಪಿನಲ್ಲಿದೆ.

ರೈತರನ್ನು ದೂರುವುದು ನ್ಯಾಯವಲ್ಲ. ಪೈರು ಹೋದರೆ ವರ್ಷದ ಅನ್ನವೇ ಹೋಯಿತು. ಆದರೆ ರೋಗ ಕಾಣುವ ಮೊದಲೇ ಸುಮ್ನೆ ಹೊಡೆಯುವುದು, ಪ್ರತಿ ಸಲವೂ ಅದೇ ಗುಂಪಿನ ಔಷಧಿ ಹೊಡೆಯುವುದು ಬೇಡ. ಇದನ್ನು ಹೇಳಬೇಕಾದವರು ಕೃಷಿ ಅಧಿಕಾರಿಗಳು, ಅಂಗಡಿಯವರು. ಆಸ್ಪತ್ರೆಗಳೂ ಯಾವ ಔಷಧಿಗೆ ಶಿಲೀಂಧ್ರ ಬಗ್ಗುತ್ತದೆ ಅಂತ ಲ್ಯಾಬಿನಲ್ಲಿ ನೋಡುವ ವ್ಯವಸ್ಥೆ ಮಾಡಿಕೊಳ್ಳಬೇಕು.

ಮನೆಯಲ್ಲಿ ಕೀಮೋ ಅಥವಾ ಕಸಿ ಆದವರಿದ್ದರೆ ತಿಪ್ಪೆ ಕೆದಕುವ, ಹಳೇ ಹುಲ್ಲು ಕೊಡವುವ ಕೆಲಸ ಅವರಿಂದ ಮಾಡಿಸಬೇಡಿ. ಆಂಟಿಬಯೋಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ, ಶಿಲೀಂಧ್ರ ಇರಬಹುದೇ ಅಂತ ವೈದ್ಯರನ್ನು ಬೇಗ ಕೇಳಿ.